ಮೇಷ್ಟ್ರ ಹಲ್ಲಿನ ಫೋಟೊ

ಇದನ್ನು ನೀವು ನಂಬುವುದಿಲ್ಲ, ನನಗೆ ಗೊತ್ತು. ಆದರೂ ಕೇಳಿ. ಮೂರು ವರ್ಷದ ಹಿಂದೆ ಶಿರಾದ ಬಟ್ಟೆ ಅಂಗಡಿ ಚಾಚಾ ಬಕ್ರೀದಿಗೆಂದು ಕೊಂಡುಹೋದ ನಮ್ಮ ಟಗರು, ಮೊನ್ನೆ ಭಾನುವಾರ ನನ್ನ ಮೊಬೈಲಿನ ಹರಾಜು ಆ್ಯಪಿನಲ್ಲಿ ಕೊಂಬು ಮೇಲೆತ್ತಿ ನಿಂತಿತ್ತು. ವಯಸ್ಸು ಎರಡು ವರ್ಷ, ಆರೋಗ್ಯ ಉತ್ತಮ ಎಂದು ಬರೆದಿತ್ತು.

ನಕಲಿ ಜಾಹೀರಾತು ಹಿಡಿಯುವುದರಲ್ಲಿ ದೊಡ್ಡೇರಿಯ ಸುತ್ತಮುತ್ತ ನನ್ನನ್ನು ಮೀರಿಸಿದವರಿಲ್ಲ. ನನಗೆ ಮೊಬೈಲ್ ತೋರಿಸಲು ಬರುವವರ ಸಾಲು ಹಾಲಿನ ಡೈರಿಯ ಸಾಲಿಗಿಂತ ಉದ್ದ. ಸರಿ, ಅಷ್ಟಿಲ್ಲ, ಆದರೆ ಬರುತ್ತಾರೆ. ಬೆಲೆ ಅರ್ಧಕ್ಕೆ ಇಳಿದಿದ್ದರೆ ಒಮ್ಮೆ ಮೂಸುತ್ತೇನೆ. ಬಂದು ನೋಡುವುದು ಬೇಡ, ಅಡ್ವಾನ್ಸ್ ಹಾಕಿ ಎಂದರೆ ಮೂಸುವುದೂ ಬೇಡ. ಪಾವಗಡದ ಮಾವ ಒಂದು ಟ್ರ್ಯಾಕ್ಟರ್ ಟೈರಿಗೆ ದುಡ್ಡು ಹಾಕಲು ಹೊರಟಿದ್ದರು. ಅಲ್ಲೇ ಪಕ್ಕದ ಸುಡುಬಿಸಿಲಿನ ತಿರುಮಣಿಯಲ್ಲಿದೆ ಎಂದಿದ್ದ ಆ ಟೈರಿನ ಹಿಂದೆ ಹಿಮ ಬಿದ್ದಿತ್ತು. ತೋರಿಸಿದೆ. ಮಾವ, “ಏಮ್ರಾ, ನಿಂದು ಕಣ್ಣಾ ಇಲ್ಲ ಸಿಸಿ ಕ್ಯಾಮ್ರಾನಾ?” ಅಂದರು.

ಟಗರಿನ ಯಜಮಾನ ತಾನು ಸೈನ್ಯದಲ್ಲಿದ್ದೇನೆ, ದೂರಕ್ಕೆ ವರ್ಗವಾಗಿದೆ, ಅದಕ್ಕೇ ಮಾರುತ್ತಿದ್ದೇನೆ ಎಂದು ಬರೆದಿದ್ದ. ವರ್ಗವಾದಾಗ ಸೋಫಾ ಮಾರುವವರನ್ನು ಕಂಡಿದ್ದೇನೆ. ಬೇರೆ ದಿನವಾಗಿದ್ದರೆ ಅಲ್ಲೇ ದೂರು ಒತ್ತಿ ಮುಗಿಸುತ್ತಿದ್ದೆ. ಅವತ್ತು ಬೆರಳು ಏಳಲಿಲ್ಲ. ಆ ಫೋಟೊ ನಾನೇ ತೆಗೆದದ್ದು. ಅಂಚಿನಲ್ಲಿ ಹಗ್ಗ ಹಿಡಿದ ಒಂದು ಕೈ, ಮಣಿಕಟ್ಟಿನ ಮೇಲೆ ಹಸಿರು ಹಚ್ಚೆ. ಅಜ್ಜಿಯ ಕೈ.

ಆ ಟಗರಿಗೆ ಮೇಷ್ಟ್ರು ಎಂದು ಹೆಸರಿಟ್ಟವಳೂ ಅಜ್ಜಿಯೇ. ಯಾರು ಸುಮ್ಮನೆ ನಿಂತಿದ್ದರೂ ಹಿಂದಿನಿಂದ ಬಂದು ಗುಮ್ಮುತ್ತಿತ್ತು. ಮಾರುವುದೆಂದಾದ ಮೇಲೆ ಅಪ್ಪನ ಮೊಬೈಲಿನಲ್ಲಿ ನಾನು ಅದರ ನಾಲ್ಕು ಫೋಟೊ ತೆಗೆದೆ: ಎಡಗಡೆ, ಬಲಗಡೆ, ಎದುರು, ಕೊನೆಗೆ ಹಲ್ಲು.

“ಅಜ್ಜಿ, ಇತ್ಲಾಗ್ ತಿರುಗು,” ಅಂದರೆ, “ನನ್ ಮಖ ಯಾಕ್ಲಾ, ನನ್ನೂ ಮಾರ್ತೀಯಾ?” ಎಂದು ಸೆರಗು ಎಳೆದುಕೊಂಡಳು. ಹಲ್ಲಿನ ಫೋಟೊ ಯಾಕೆ ಎಂದಿದ್ದಕ್ಕೆ, “ಅಲ್ಲು ನೋಡ್ದೆ ವಯಸ್ಸು ಹೆಂಗ್ಲಾ ತಿಳಿತೈತೆ?” ಎಂದು ಕೂತು, ಮೇಷ್ಟ್ರ ತಲೆಯನ್ನು ಮಡಿಲಿಗೆ ಎಳೆದುಕೊಂಡು ಬಾಯಿ ಬಿಡಿಸಿದಳು. ಕೂಸಿಗೆ ತುತ್ತು ಕೊಡುವವರ ಬಾಯಿಯೂ ತೆರೆಯುತ್ತದಲ್ಲ, ಹಾಗೆ ಅವಳ ಬಾಯಿಯೂ ಅಗಲವಾಗಿ ತೆರೆಯಿತು.

“ನೀನ್ಯಾಕಜ್ಜಿ ಬಾಯ್ ಬುಟ್ಟೆ?”

“ಅದುಕ್ಕಾದ್ರೂ ಎಲ್ಡು ಅವೆ ಕಣ್ಲಾ. ನಂಗೆ ಅದೂ ಇಲ್ಲ,” ಎಂದು ನಕ್ಕಳು. ಆಗಲೇ ಒತ್ತಿದೆ.

ಆಮೇಲೆ ಆ ಮೊಬೈಲು ದನದ ನೀರಿನ ತೊಟ್ಟಿಗೆ ಬಿತ್ತು, ಫೋಟೊಗಳೂ ಹೋದವು. ಹೋದ ವರ್ಷ ಅಜ್ಜಿಯೂ ಹೋದಳು. ಗೋಡೆಯ ಮೇಲಿರುವುದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಫೋಟೊ. ಅದರಲ್ಲಿ ಅವಳು ಬಾಯಿ ಬಿಗಿದುಕೊಂಡು, ನಾವೇನೋ ಕದ್ದವರಂತೆ ನಮ್ಮನ್ನೇ ನೋಡುತ್ತಾಳೆ. ಹಲ್ಲಿನ ಫೋಟೊದ ಆ ನಗೆಯನ್ನು ನಾನು ಗೆಳೆಯರಿಗೆ ಹೇಳಿ ಹೇಳಿ ಎಳೆದಿದ್ದೇನೆ. ಮಧುಗಿರಿ ಕೋಟೆವರೆಗೂ ಕೇಳಿಸಿತು ಅಂದಿದ್ದೇನೆ, ಮೇಷ್ಟ್ರೂ ಜೊತೆಗೆ ನಕ್ಕಿತು ಅಂದಿದ್ದೇನೆ. ಈಗ ನಿಜವಾದ ನಗು ಎಷ್ಟಿತ್ತೆಂದು ನನಗೇ ಮರೆಯುತ್ತಿದೆ. ಒಮ್ಮೆ ನೋಡಬೇಕಿತ್ತು.

ನಾನಂದು ಆ್ಯಪಿಗೆ ಹಾಕಿದ್ದ, ಮಾರಾಟವಾದ ಮೇಲೆ ಅಲ್ಲಿಂದ ಅಳಿಸಿಹೋದ ನಾಲ್ಕನ್ನೂ ಈ ಕಳ್ಳ ಎತ್ತಿಟ್ಟುಕೊಂಡಿರಬೇಕು. ಹರಾಜು ಕೂಗಿದೆ. ಗಿರಾಕಿ ಸಿಕ್ಕಿದ ಖುಷಿಗೆ ಅವನು ಮೆಸೇಜಿಗೆ ಬಂದ. ಬಲಗಡೆ ಕಳಿಸಿ ಸರ್ ಅಂದೆ, ಕಳಿಸಿದ. ಎದುರಿಂದು ಅಂದೆ, ಅದೂ ಬಂತು. ಅದರಲ್ಲಿ ಅಜ್ಜಿಯ ಪಾದವಿತ್ತು, ಮಣ್ಣು ಮೆತ್ತಿದ ಹೆಬ್ಬೆರಳು.

“ಹಲ್ಲು?”

“ಪ್ರಿಯ ಸಹೋದರ, ಮೊದಲು ಅಡ್ವಾನ್ಸ್,” ಎಂದು ಕ್ಯೂಆರ್ ಕೋಡ್ ಕಳಿಸಿದ.

“ಹಲ್ಲು ನೋಡ್ದೆ ನಮ್ಮಪ್ಪ ದುಡ್ಡು ಬಿಚ್ಚಲ್ಲ ಸರ್.”

ಆಮೇಲೆ ಬಂತು: “ಫೋಟೊದಲ್ಲಿ ಯಾರೋ ಮುದುಕಿ ಅಡ್ಡ ಇದ್ದಾಳೆ. ಕತ್ತರಿಸಿ ಕಳಿಸಲೇ?”

ಸರಸರ ಒತ್ತಿದೆ: “ಕತ್ತರಿಸಬೇಡಿ ಸರ್. ಹಂಗೇ ಕಳಿಸಿ. ಮುದುಕಿ ಇರ್ಲಿ.”

ಅವನು ಏನೋ ಕಳಿಸುತ್ತಿರುವಂತೆ ಪರದೆಯ ಮೇಲೆ ಚುಕ್ಕಿಗಳು ಕುಣಿದವು. ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಹೆಗಲ ಮೇಲಿಂದ ಬಗ್ಗಿ ಅಡ್ವಾನ್ಸ್ ಎಂಬುದನ್ನೂ ಕ್ಯೂಆರ್ ಕೋಡನ್ನೂ ನೋಡಿದ.

“ಊರ್ಗೆಲ್ಲ ಬುದ್ಧಿ ಹೇಳೋನು, ನೀನೇ ಬಿದ್ದೇನ್ಲಾ?” ಎಂದು ಮೊಬೈಲು ಕಿತ್ತುಕೊಂಡು ಬ್ಲಾಕ್ ಮಾಡಿಬಿಟ್ಟ. ಆ ಆ್ಯಪಿನಲ್ಲಿ ಒಮ್ಮೆ ಬ್ಲಾಕ್ ಮಾಡಿದರೆ ಮತ್ತೆ ತೆಗೆಯಲು ಬರುವುದಿಲ್ಲ. ಬ್ಲಾಕ್ ಮಾಡುವುದನ್ನು ಅಪ್ಪನಿಗೆ ಕಲಿಸಿದವನು ನಾನೇ. ಚೆನ್ನಾಗಿಯೇ ಕಲಿತಿದ್ದ.

ಬೈಯಲು ಮತ್ತೆ ಬಾಯಿ ತೆರೆದವನು ಪರದೆಯಲ್ಲಿ ಉಳಿದಿದ್ದ ಫೋಟೊ ನೋಡಿ ನಿಂತ. “ನಮ್ಮ ಮೇಷ್ಟ್ರಲ್ವಾ?” ಅಂದ. ಎರಡು ಬೆರಳಿಟ್ಟು ಹಿಗ್ಗಿಸಿದ. ಟಗರು ಅಂಚಿಗೆ ಸರಿಯಿತು. ಮಣ್ಣಿನ ಹೆಬ್ಬೆರಳು ಪರದೆ ತುಂಬಿತು. “ಅವ್ವಂದು.”

“ಹಲ್ಲಿನ ಫೋಟೊ ಬರ್ತಿತ್ತಪ್ಪ,” ಅಂದೆ.

ಅಪ್ಪ ಮಂಚದ ಅಂಚಿಗೆ ಕೂತ. ಮೊಬೈಲನ್ನು ನನಗೆ ಕೊಡಲಿಲ್ಲ, ಕೆಳಗೂ ಇಡಲಿಲ್ಲ.

“ಅದ್ರಾಗೆ ಅವ್ವ ನಗ್ತಿದ್ಲಾ?”

“ಹೂಂ,” ಅಂದೆ. ಕೋಟೆವರೆಗೂ ಕೇಳಿಸಿತು ಎಂದು ಸೇರಿಸಲಿಲ್ಲ.