ಮೂರು ಫ್ಯಾನಿನ ಕಾರ್ಡು

೧೯೮೯ರಲ್ಲಿ, ಏಳನೇ ತರಗತಿಯ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ನಾನೇ ಹೋಗಿ ಪಾಂಡವಪುರದ ರೇಡಿಯೇಟರ್ ರಿಪೇರಿ ಅಂಗಡಿಯೊಂದರಲ್ಲಿ ಕೂತೆ. ಅಂದಿನಿಂದ ನನ್ನ ಕೆಲಸ ಒಂದೇ, ಕಾದ ಎಂಜಿನ್ನನ್ನು ತಣ್ಣಗಾಗಿಸುವುದು. ಕಿಕ್ಕೇರಿಯ ಟ್ರಾಕ್ಟರು, ಹೊಣಕೆರೆಯ ಎಳನೀರು ಲಾರಿ, ಯಾವುದು ಹಬೆ ಉಗುಳುತ್ತಾ ಬಂದರೂ ತಣ್ಣಗೆ ಹೋಗಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ.

ರೇಡಿಯೇಟರನ್ನು ಬಿಸಿಲಿಗೆ ಹಿಡಿದು ನೋಡುವುದು ನನ್ನ ಹಳೇ ಚಟ. ತೆಳು ತಗಡಿನ ಎಸಳುಗಳು ಸಾಲು ಸಾಲು, ನಡುವೆ ಕೂದಲೆಳೆಯಷ್ಟು ಬೆಳಕು. ನೋಡುತ್ತಾ ನೋಡುತ್ತಾ ಅದೊಂದು ಊರಾಗುತ್ತದೆ. ಎಸಳುಗಳ ಸಂದಿಯೆಲ್ಲ ಬೀದಿ. ತೊಣ್ಣೂರು ಕೆರೆಯ ಮೇಲಿನ ಗಾಳಿ ಆ ಬೀದಿಗಳಲ್ಲಿ ನುಗ್ಗಿ, ಒಳಗೆ ಕೂತ ಬಿಸಿಯನ್ನು ಕೈಹಿಡಿದು ಆಚೆಗೆ ಕರೆದೊಯ್ಯುತ್ತದೆ. ಬಿಸಿ ಕೆಟ್ಟದ್ದೇನಲ್ಲ. ಹೊರಟುಹೋಗಬೇಕೆಂಬ ಆಸೆ ಅದಕ್ಕೆ, ಅಷ್ಟೆ.

ನನ್ನ ಮಗಳು ಮನೆಯಲ್ಲೇ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಾಳೆ. ಕಳೆದ ಬೇಸಿಗೆಯಲ್ಲಿ ಶೀಟಿನ ಮನೆಯ ಝಳಕ್ಕೆ ಅವಳ ಕಂಪ್ಯೂಟರ್ ನಡು ಮಧ್ಯಾಹ್ನ ಆರಿಹೋಗತೊಡಗಿತು. ಅದರೊಳಗೆ ಹೆಚ್ಚು ಕಾಯುವುದು ವಿಡಿಯೋ ಕೆಲಸ ಹೊರುವ ಗ್ರಾಫಿಕ್ಸ್ ಕಾರ್ಡು; ಹೊಸದಕ್ಕೆಂದು ದುಡ್ಡು ಕೂಡಿಟ್ಟಿದ್ದಳು. ಇಬ್ಬರೂ ಶ್ರೀರಂಗಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋದೆವು.

ಅಂಗಡಿಯವನು ಅವಳ ಮುಖವನ್ನಷ್ಟೇ ನೋಡಿಕೊಂಡು ಹೇಳಿದ. "ಇದು ಒಂದೇ ಫ್ಯಾನಿಂದು. ಬಿಸಿನೆಲ್ಲ ಹಿಂದ್ಗಡೆಯಿಂದ ಆಚೆಗೆ ಊದ್ಬುಡ್ತದೆ, ಸದ್ದು ಮಾತ್ರ ಜಾಸ್ತಿ. ಇದು ಮೂರು ಫ್ಯಾನಿಂದು. ಸದ್ದಿಲ್ಲ, ಆದ್ರೆ ಬಿಸಿನ ಕಂಪ್ಯೂಟರ್ ಡಬ್ಬದೊಳಗೇ ಬುಡ್ತದೆ. ಇದು ನೀರಿಂದು, ಪೈಪಲ್ಲಿ ನೀರು ಸುತ್ತಿ ತಣ್ಣಗೆ ಮಾಡ್ತದೆ."

"ನೀರಿಂದೇ ಕೊಡಪ್ಪ" ಎಂದೆ.

"ಯಜಮಾನ್ರೇ, ಇದು ಟ್ರಾಕ್ಟರಲ್ಲ."

"ಟ್ರಾಕ್ಟರಲ್ದಿದ್ರೇನು, ಕಾಯ್ತದೆ ತಾನೆ?"

ಅವನು ನಕ್ಕ. ನನಗೆ ಮೈ ಉರಿಯಿತು. ಬೇರೆ ಯಾವುದರಲ್ಲಾದರೂ ನನ್ನನ್ನು ದಡ್ಡ ಅನ್ನಲಿ. ತಣ್ಣಗಾಗಿಸುವ ವಿದ್ಯೆಯಲ್ಲಿ, ಅದೂ ಮಗಳ ಎದುರಿಗೆ, ನನ್ನ ಮಾತು ಬಿದ್ದುಹೋಗಬಾರದಿತ್ತು.

"ನಾಳೆ ಬತ್ತೀವಿ ಬುಡಿ" ಎಂದು ಮಗಳು ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಬಸ್ಸಿನಲ್ಲಿ ಕೇಳಿದಳು, "ಅಪ್ಪ, ನಿನ್ ಅಂಗ್ಡಿಗೆ ರೇಡಿಯೇಟ್ರು ಯಾಕ್ ಬತ್ತವೆ?"

"ಸೋರ್ತವಲ್ಲ, ಅದ್ಕೆ."

ಅವಳು ಕಿಟಕಿಯಾಚೆ ನೋಡಿದಳು. ಕಬ್ಬಿನ ಗದ್ದೆಗಳು ತೇಲಿಹೋಗುತ್ತಿದ್ದವು. ಎರಡು ಸ್ಟಾಪು ದಾಟುವಷ್ಟರಲ್ಲಿ ಅವಳ ಮಾತಿನ ಅರ್ಥ ನನಗೆ ಹೊಳೆಯಿತು. "ನಾ ಬೆಸುಗೆ ಆಕಿದ್ದು ಸೋರಲ್ಲ ಕಣವ್ವ."

"ಆ ನೀರಿನ್ ಕಾರ್ಡಿಗೆ ನೀನು ಬೆಸುಗೆ ಆಕಿಲ್ವಲ್ಲಪ್ಪ."

ನೀರಿನದನ್ನು ಬಿಟ್ಟೆ.

ಅವಳಿಗೆ ಮೂರು ಫ್ಯಾನಿನದೇ ಬೇಕಿತ್ತು. ಆಡಿದ ಮಾತು, ನಾದಸ್ವರ ಎಲ್ಲವನ್ನೂ ಕಿವಿಗೊಟ್ಟು ಕೇಳಿ ಜೋಡಿಸುವವಳಿಗೆ ಸದ್ದು ಆಗದು. ಮನೆಗೆ ಬಂದವನೇ ಊದುಬತ್ತಿ ಹಚ್ಚಿ, ಓಡುತ್ತಿದ್ದ ಕಂಪ್ಯೂಟರ್ ಡಬ್ಬದ ಮುಂದೆ ಹಿಡಿದೆ. ಅದರ ಒಂದು ಬದಿ ಗಾಜಿನದು. ಹೊಗೆಯ ಎಳೆ ಒಳಗೆ ಹೋಗಿ, ಮೇಲೆದ್ದು, ಬಾಗಿಲು ಕಾಣದೆ ಕೆಳಗಿಳಿದು ಮತ್ತೆ ಸುತ್ತಿತು. ಜಾತ್ರೆ ಮುಗಿದ ಮೇಲೂ ಊರ ದಾರಿ ಸಿಗದವರ ಹಾಗೆ. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ, ಬೂದಿ ಬೆರಳಿಗೆ ಬಿತ್ತು.

"ಇದ್ರಲ್ಲಿ ಮೂರಲ್ಲ, ಆರು ಫ್ಯಾನ್ ಆಕಿದ್ರೂ ತನ್ ಬಿಸಿ ತಾನೇ ಕುಡೀತದೆ" ಎಂದೆ.

ಅವಳ ಮುಖ ಸಣ್ಣದಾಯಿತು. "ಅಂಗಾದ್ರೆ ಒಂದು ಫ್ಯಾನಿಂದೇ ತರಾನ. ಸದ್ದಾದ್ರೆ ಆಗ್ಲಿ."

"ಬ್ಯಾಡ. ನಿಂಗೆ ಬೇಕಾದ್ದೇ ತಕಾ. ಬಿಸಿಗೆ ದಾರಿ ನಾ ಮಾಡ್ತೀನಿ."

"ಕೆಟ್ಟೋದ್ರೆ?"

"ನಮ್ಮಪ್ಪಂಗೆ ಗಾಳಿ ಇಚಾರ ಗೊತ್ತಿಲ್ಲ ಅಂತ ಊರಿಗೆಲ್ಲ ಯೋಳು."

ಒಳಗಿನ ಸಾಮಾನನ್ನೆಲ್ಲ ಅವಳು ಬಿಚ್ಚಿಟ್ಟುಕೊಂಡು ಬರೀ ಡಬ್ಬ ಕೊಟ್ಟಳು. ಮುಂದೆ ತಳದಲ್ಲಿ ಒಂದು ಕಿಂಡಿ, ನೆತ್ತಿಯಲ್ಲಿ ಒಂದು ಕಿಂಡಿ ಕತ್ತರಿಸಿದೆ. ಅಂಚು ಉಜ್ಜಿ, ಜಾಲರಿ ಕೂರಿಸಿ, ಕೆಳಗಿನ ಫ್ಯಾನು ಒಳಗೆ ಎಳೆಯುವಂತೆ, ಮೇಲಿನದು ಹೊರಗೆ ನೂಕುವಂತೆ ಬಿಗಿದೆ. ಎರಡು ದಿನ ಅಂಗಡಿ ತೆಗೆಯಲಿಲ್ಲ.

ಕಾರ್ಡು ಬಂತು. ಮರುದಿನ ಮಧ್ಯಾಹ್ನ, ಶೀಟು ಕಾದು ಚಟಪಟ ಎನ್ನುವ ಹೊತ್ತಿಗೆ, ಅವಳು ಮೂರು ಗಂಟೆ ಉದ್ದದ ಮದುವೆ ವಿಡಿಯೋವೊಂದನ್ನು ಪೂರ್ತಿ ತಯಾರಾಗಲು ಬಿಟ್ಟಳು. ನಾನು ನೆತ್ತಿಯ ಕಿಂಡಿಯ ಮೇಲೆ ಅಂಗೈ ಇಟ್ಟುಕೊಂಡು ಕೂತೆ. ಕರುವಿನ ಉಸಿರಿನಂಥ ಬೆಚ್ಚನೆ ಗಾಳಿ. ಪರದೆಯಲ್ಲಿ ಯಾರದೋ ಧಾರೆ, ಯಾರದೋ ಅಕ್ಷತೆ. ತೂಕಡಿಕೆ ಬಂತು. ನಾನೇ ಆ ಎಸಳುಗಳ ಬೀದಿಯಲ್ಲಿ ನಡೆಯುತ್ತಿದ್ದೆ, ಪ್ರತಿ ಬೀದಿಯ ತುದಿಯಲ್ಲೂ ಆಕಾಶವಿತ್ತು.

"ಅಪ್ಪ, ಆಯ್ತು. ಒಂದ್ಸಲಾನೂ ಆರ್ನಿಲ್ಲ" ಎಂದು ಭುಜ ಅಲ್ಲಾಡಿಸಿದಳು. ಆಮೇಲೆ ಫೋನು ತೆಗೆದು, ಡಬ್ಬದ ಫೋಟೋವನ್ನು ತನ್ನ ಕೆಲಸದ ಗೆಳತಿಯರಿಗೆಲ್ಲ ಕಳಿಸಿದಳು. ಕೆಳಗೆ ಬರೆದದ್ದನ್ನು ಓದಿ ಹೇಳಿದಳು: "ನಮ್ಮಪ್ಪ ಮಾಡಿದ್ದು."

ಈಗ ನನಗೆ ಒಂದು ಅಂಗಡಿಯಿದೆ, ಒಂದು ಬೈಕಿದೆ, ಹೆಂಡತಿಯಿದ್ದಾಳೆ, ಒಬ್ಬಳು ಮಗಳಿದ್ದಾಳೆ. ಕಿಂಡಿ ಕೊರೆದುಕೊಟ್ಟ ಕಂಪ್ಯೂಟರ್ ಡಬ್ಬಗಳು ಏಳು: ಪಾಂಡವಪುರದವು ನಾಲ್ಕು, ಕೆ.ಆರ್. ಪೇಟೆಯವು ಎರಡು, ನಾಗಮಂಗಲದ್ದು ಒಂದು.