ಅಂಬಾಜಿದುರ್ಗದ ಏರಿನಲ್ಲಿ

ಆ ಭಾನುವಾರ ನಾವಿಬ್ಬರು ಸೈಕಲ್ ಹತ್ತಿ ಮೇಲೂರು ಬಿಟ್ಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನನ್ನ ಸ್ನೇಹಿತನ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ವಾರವಿಡೀ ಬಿಸಿನೀರಿನಲ್ಲಿ ಗೂಡು ಕೆದಕಿ ಅವನ ಬೆರಳ ತುದಿಗಳು ಸದಾ ಸುಲಿದಿರುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ಗುಮಾಸ್ತ. ಎರಡು ಸಾವಿರದ ಆರರಲ್ಲಿ ಇಬ್ಬರೂ ಹಳೇ ಗೇರ್ ಸೈಕಲ್ ಕೊಂಡ ಮೇಲೆ ರಜೆ ಬಂದರೆ ಬೆಟ್ಟದ ದಾರಿಗಳದೇ ಹುಚ್ಚು. ಅವನು ಬಲು ಮೆತ್ತಗಿನ ಮನುಷ್ಯ. ಅವನು ದನಿ ಎತ್ತಿದ್ದನ್ನೇ ನಾನು ಕೇಳಿರಲಿಲ್ಲ.

ಶಿಡ್ಲಘಟ್ಟ ದಾಟಿ, ಚಿಂತಾಮಣಿಯಲ್ಲಿ ಇಡ್ಲಿ ತಿಂದು, ಅಂಬಾಜಿದುರ್ಗದ ಕಡೆ ತಿರುಗುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಏರು ಶುರುವಾಗುವ ಕಡೆ ಕಲ್ಲು ತುಂಬಿದ ಟ್ರ್ಯಾಕ್ಟರ್ ಒಂದು ಹಿಂದಿನಿಂದ ಜೋರಾಗಿ ನುಗ್ಗಿ ಬಂತು. ಟ್ರೇಲರಿನ ಅಂಚು ಅವನ ಹ್ಯಾಂಡಲ್‌ಗೆ ತಗಲಿತು. ಅವನು ಜಲ್ಲಿಯ ಮೇಲೆ ಬಿದ್ದು ಉಜ್ಜಿಕೊಂಡು ಹೋದ. ಮೊಣಕೈಯಿಂದ ಭುಜದವರೆಗೆ ಚರ್ಮ ಕಿತ್ತುಬಂದಿತ್ತು. ಡ್ರೈವರ್ ತಿರುಗಿ ನೋಡಿದ, ನಿಲ್ಲಿಸಲಿಲ್ಲ.

ನೀರು ಹಾಕಿ ತೊಳೆಯೋಣ ಅಂತ ನಾನು ಬಾಟಲಿ ತೆಗೆಯುತ್ತಿದ್ದೆ. ಅವನು ಅಷ್ಟರಲ್ಲಿ ಸೈಕಲ್ ಎತ್ತಿ ಹೊರಟೇಬಿಟ್ಟಿದ್ದ. ಆ ಭಾರ ಹೊತ್ತ ಟ್ರ್ಯಾಕ್ಟರ್ ಏರಿನಲ್ಲಿ ನಡೆಯುವವರ ವೇಗಕ್ಕೆ ಬಂದಿತ್ತು. ಎರಡನೇ ತಿರುವಿನಲ್ಲಿ ಅವನು ಅದನ್ನು ಹಿಡಿದ, ಸೈಕಲ್ಲನ್ನು ರಸ್ತೆ ಬದಿಗೆ ಎಸೆದ, ಫುಟ್‌ಬೋರ್ಡಿಗೆ ಹಾರಿ ಡ್ರೈವರನ ಕತ್ತಿನ ಪಟ್ಟಿ ಹಿಡಿದು ಕೆಳಕ್ಕೆಳೆದ. ಇಂಜಿನ್ ಒಮ್ಮೆ ಕುಲುಕಿ ಆಫ್ ಆಯಿತು.

ನಾನು ಏದುಸಿರು ಬಿಡುತ್ತಾ ತಲುಪಿದಾಗ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನಿಂದ ಅವನು ಡ್ರೈವರನ ಮುಖಕ್ಕೆ ಹೊಡೆಯುತ್ತಿದ್ದ. ತುಟಿ ಸೀಳಿತ್ತು, ಮೂಗಿನಿಂದ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು. ಡ್ರೈವರ್ ನಮ್ಮದೇ ವಯಸ್ಸಿನವನು, ಸಣಕಲ. ‘ಕೊಟ್ಟೊದ್ದನ್ನಾ, ಕೊಟ್ಟೊದ್ದು’, ಹೊಡೀಬೇಡಣ್ಣ ಅಂತ ತೆಲುಗಿನಲ್ಲಿ ಬೇಡುತ್ತಿದ್ದ. ನಾನು ಬಿಡಿಸಲೆಂದೇ ಮಧ್ಯೆ ಹೋದೆ. ಆದರೆ ಹೋಗಿ ಹಿಡಿದದ್ದು ಡ್ರೈವರನ ಕೈಗಳನ್ನು. ಹಿಂದಕ್ಕೆ ತಿರುಚಿ ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಸ್ನೇಹಿತ ಇನ್ನೂ ನಾಲ್ಕೈದು ಏಟು ಹಾಕಿದ. ಆ ಏಟುಗಳು ಡ್ರೈವರನ ಬೆನ್ನಿನಿಂದ ನನ್ನ ಎದೆಗೂ ತಾಗುತ್ತಿದ್ದವು. ಸುಳ್ಳೇಕೆ ಹೇಳಲಿ, ಆಗ ನನಗೆ ಹಿತವಾಗೇ ಇತ್ತು.

ಇದ್ದಕ್ಕಿದ್ದಂತೆ ಡ್ರೈವರ್ ಕೊಸರಾಡತೊಡಗಿದ. ‘ಗಾಡಿ ಜಾರ್ತೈತೆ, ಬಿಡಣ್ಣ’ ಅಂದ. ತಪ್ಪಿಸಿಕೊಳ್ಳಲು ನಾಟಕ ಆಡುತ್ತಿದ್ದಾನೆ ಅಂದುಕೊಂಡು ನಾನು ಹಿಡಿತ ಇನ್ನಷ್ಟು ಬಿಗಿ ಮಾಡಿದೆ. ಅವನು ಕತ್ತು ತಿರುಗಿಸಿ ನನ್ನ ತೋಳು ಕಚ್ಚಿ ಓಡಿದ. ಟ್ರ್ಯಾಕ್ಟರ್ ನಿಜವಾಗಿಯೂ ಹಿಂದಕ್ಕೆ ಸರಿಯುತ್ತಿತ್ತು. ಅವನು ದಪ್ಪ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಟ್ರೇಲರಿನ ಚಕ್ರದ ಹಿಂದಕ್ಕೆ ತಳ್ಳಿದ. ಚಕ್ರ ಕಲ್ಲಿನ ಮೇಲೆ ಕೂತು ನಿಂತಿತು. ಅವನ ಬಲಗೈ ಕಲ್ಲಿನಡಿ ಸಿಕ್ಕಿತ್ತು.

ಆ ಕಿರುಚಾಟವನ್ನು ನಾನು ಬರೆಯಲಾರೆ. ನಾವಿಬ್ಬರೂ ಟ್ರೇಲರಿಗೆ ಭುಜ ಕೊಟ್ಟೆವು, ಅದು ಅಲುಗಲಿಲ್ಲ. ಕೊನೆಗೆ ಕಲ್ಲಿನ ಕೆಳಗಿನ ಮಣ್ಣನ್ನು ಸ್ಪ್ಯಾನರಿನಿಂದ ಕೆದಕಿ ಕೈ ಬಿಡಿಸಿದೆವು. ಎರಡು ಬೆರಳು ಚಪ್ಪಟೆಯಾಗಿ ತೊಗಲಿನಲ್ಲಿ ನೇತಾಡುತ್ತಿದ್ದವು. ನನ್ನ ಸ್ನೇಹಿತ ಅಂಗಿ ಬಿಚ್ಚಿ ಸುತ್ತಿದ. ಹಾಲಿನ ವ್ಯಾನೊಂದು ಬಂತು, ಕ್ಯಾನುಗಳ ನಡುವೆ ಡ್ರೈವರನನ್ನು ಮಲಗಿಸಿಕೊಂಡು ಚಿಂತಾಮಣಿಗೆ ಹೋದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಮುಖ ನೋಡಿ, ಇದು ಏನು ಅಂತ ಕೇಳಿದರು. ಗಾಡಿಯಿಂದ ಬಿದ್ದೆ ಅಂದ ಅವನು. ಅವನಿಗೆ ಲೈಸೆನ್ಸ್ ಇರಲಿಲ್ಲವಂತೆ, ಪೊಲೀಸರು ಬಂದರೆ ಕೆಲಸ ಹೋಗುತ್ತದೆ ಅಂತ ಹೆದರಿಕೆ. ನಾವು ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಆ ತಿರುವಿಗೆ ಮರಳಿ ಹೋಗಿ ಸೈಕಲ್ ತಂದು ಊರ ಕಡೆ ತುಳಿದೆವು. ಶಿಡ್ಲಘಟ್ಟದ ಹತ್ತಿರ, ಹಿಪ್ಪುನೇರಳೆ ತೋಟದ ಪಕ್ಕ ನಾನು ‘ಹೊಡೆದವನು ನೀನು’ ಅಂದೆ. ಅವನು ಸೈಕಲ್ ನಿಲ್ಲಿಸಿ ನನ್ನ ಕೆನ್ನೆಗೆ ಬಾರಿಸಿದ. ನಾನೂ ಬಾರಿಸಿದೆ. ಇಬ್ಬರೂ ಮಣ್ಣಿನಲ್ಲಿ ಹೊರಳಾಡಿ, ಸುಸ್ತಾಗಿ ಮನೆ ಸೇರಿದೆವು.

ಹದಿನೈದು ದಿನ ಬಿಟ್ಟು ನಾನೊಬ್ಬನೇ ಬಸ್ಸಿನಲ್ಲಿ ಹೋಗಿ ಡ್ರೈವರನ ಮನೆ ಹುಡುಕಿದೆ. ದುರ್ಗದ ಕೆಳಗಿನ ಹಳ್ಳಿ. ಅವನು ಜಗಲಿಯ ಮೇಲೆ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಎರಡೂ ಬೆರಳು ತೆಗೆದಿದ್ದರು. ಎದ್ದು ಹೋಗು ಅಂತ ಅವನು ಅನ್ನಲಿಲ್ಲ. ನಿಮ್ಮ ಸ್ನೇಹಿತರಿಗೆ ಗಾಯ ವಾಸಿಯಾಯ್ತಾ ಅಂತ ಕೇಳಿದ. ಆಮೇಲೆ ಹೇಳಿದ:

‘ಅವರಿಗೆ ರಕ್ತ ಬಂದಿತ್ತು, ಸಿಟ್ಟಿತ್ತು, ಹೊಡೆದರು. ಗಾಡಿ ಜಾರ್ತೈತೆ ಅಂತ ನಾನು ನಿಮ್ಗೆ ಹೇಳಿದ್ನಲ್ಲಣ್ಣ, ಯಾಕೆ ಬಿಡ್ಲಿಲ್ಲ?’

‘ಸುಳ್ಳು ಹೇಳ್ತಿದ್ದೀಯ ಅಂದ್ಕೊಂಡೆ,’ ಅಂದೆ.

ಅವನು ತಲೆಯಾಡಿಸಿದ. ಒಳಗಿನಿಂದ ಅವನ ಹೆಂಡತಿ ಇಬ್ಬರಿಗೂ ಕಾಫಿ ತಂದಿಟ್ಟಳು. ಅವನು ಎಡಗೈಯಲ್ಲಿ ಲೋಟ ಎತ್ತಲು ಇನ್ನೂ ಕಲಿಯುತ್ತಿದ್ದ, ಅರ್ಧ ಚೆಲ್ಲಿತು.