ಒಂಟಿ ಎತ್ತು ಬರೆಯದ ಮಕ್ಕಳು

ಹಲವು ವರ್ಷ ಚಿತ್ರಕಲೆಯ ಮಾಸ್ತರನಾಗಿದ್ದವನು ನಾನು. ಆದರೂ ಒಂದು ಮಾತು ಹೇಳಿಬಿಡುತ್ತೇನೆ, ನಗಬೇಡಿ: ನನಗೆ ಒಂದೇ ಒಂದು ಎತ್ತಿನ ಚಿತ್ರ ಬಿಡಿಸಲು ಆಗುವುದಿಲ್ಲ. ಬರೆದು ಕೈ ತೆಗೆದೆನೋ ಇಲ್ಲವೋ, ಮನಸ್ಸು ಕಸಿವಿಸಿಗೊಳ್ಳುತ್ತದೆ. ಪಕ್ಕದಲ್ಲಿ ಇನ್ನೊಂದು ಬಂದು ನಿಂತ ಮೇಲೆಯೇ ಸಮಾಧಾನ. ಮೊಮ್ಮಕ್ಕಳು ಇದನ್ನು ಮುಪ್ಪಿನ ಮರುಳು ಎನ್ನುತ್ತಾರೆ. ಮುಪ್ಪಿನದಲ್ಲ, ಇದು ಕುಷ್ಟಗಿ ತಾಲೂಕಿನ ಮಕ್ಕಳು ಹಚ್ಚಿದ ಮರುಳು. ಇದರ ಬಗ್ಗೆ ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ನೀವು ಜಂಬ ಎಂದರೂ ನಡೆದೀತು.

ಆಗ ನಿಜಾಮರ ಆಳ್ವಿಕೆ. ಡ್ರಾಯಿಂಗ್ ಪರೀಕ್ಷೆ ಪಾಸಾಗಿ, ಹೊಸ ಟೋಪಿ ಇಟ್ಟುಕೊಂಡು, ಹನುಮಸಾಗರದ ಹಾದಿಯಲ್ಲಿದ್ದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಚಕ್ಕಡಿಯಲ್ಲಿ ಬಂದಿಳಿದೆ. ಆ ಚಕ್ಕಡಿಗೆ ಎಂಥ ಎತ್ತು ಹೂಡಿದ್ದರು ಎಂದು ಕೇಳಿದರೆ ನನಗೆ ನೆನಪಿಲ್ಲ. ದಾರಿಯುದ್ದಕ್ಕೂ ನನ್ನ ಕಣ್ಣು ತೊಡೆಯ ಮೇಲಿದ್ದ ಚಿತ್ರಪಟಗಳ ಸುರುಳಿಯ ಮೇಲಿತ್ತು. ಮಕ್ಕಳಿಗೆ ಕಲಿಸಬೇಕಾದದ್ದೆಲ್ಲ ಅದರಲ್ಲೇ ಇದೆ ಎಂದು ನಂಬಿದ್ದ ವಯಸ್ಸು ಅದು.

ಸುರುಳಿಯಲ್ಲಿ ಒಂದು ಕೇಟಲಿ, ಒಂದು ಛತ್ರಿ, ನಮ್ಮ ಸೀಮೆಯಲ್ಲಿ ಯಾರೂ ತಿಂದರಿಯದ ಒಂದು ಹಣ್ಣು, ಮತ್ತು ಒಂದು ಎತ್ತು ಇದ್ದವು. ಎತ್ತು ವಿಲಾಯತಿಯದು, ಬೆನ್ನು ಹಲಗೆಯಂತೆ ಸಪಾಟು, ಹೆಗಲ ಮೇಲೆ ಡುಬ್ಬದ ಸುಳಿವಿಲ್ಲ. ಮೊದಲ ದಿನ ಅದನ್ನೇ ಭಕ್ತಿಯಿಂದ ಕರಿಹಲಗೆಯ ಮೇಲಿಳಿಸಿ, ಹಿಂದೆ ಸರಿದು, ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಂಡು ನಿಂತೆ.

"ಎಮ್ಮಿ ಭಾಳ ಛಲೋ ಬಂದೈತ್ರಿ ಮಾಸ್ತರ್ರ," ಎಂದಿತು ಹಿಂದಿನ ಸಾಲಿನ ಒಂದು ದನಿ.

ಎಮ್ಮೆಯಲ್ಲ, ಎತ್ತು ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ನಿಂಗವ್ವ ಎಂಬ ಒಕ್ಕಲುತನದ ಮನೆಯ ಹುಡುಗಿ ಎದ್ದು ನಿಂತಳು. "ಹಂಗಾರ ಇದಕ್ಕ ನೊಗ ಎಲ್ಲಿ ನಿಂದ್ರತೈತ್ರಿ?"

ಎತ್ತಿನ ಆಕಾರ ಅದರ ಕೆಲಸದಿಂದ ಹುಟ್ಟುತ್ತದೆ ಎಂಬ ದೊಡ್ಡ ತತ್ತ್ವವನ್ನು ನನ್ನ ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಪಟ ಸುತ್ತಿಟ್ಟು, "ನೀವು ಕಂಡ ಎತ್ತನ್ನೇ ಬರೀರಿ," ಎಂದೆ. ಪಾಟಿಗಳ ಮೇಲೆ ಬಳಪ ಕಿರುಗುಟ್ಟತೊಡಗಿತು. ಹೋಗಿ ನೋಡಿದರೆ ಪ್ರತಿ ಪಾಟಿಯ ಮೇಲೂ ಎರಡೆರಡು ಎತ್ತು.

ಯಾಕೆಂದು ಕೇಳಿದ್ದಕ್ಕೆ ಮಕ್ಕಳು ನನ್ನನ್ನು ಪರದೇಶಿಯನ್ನು ನೋಡುವಂತೆ ನೋಡಿದರು. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡುವಾಗ ಯಾರಾದರೂ ಒಂದನ್ನೇ ಮಾಡಿ ಕೈ ತೊಳೆದುಕೊಳ್ಳುತ್ತಾರೆಯೇ? "ಒಂದಽ ಮಾಡಿದ್ರ ಮನ್ಯಾಗಿನ ಜೋಡಿ ಒಡೀತೈತ್ರಿ," ಎಂದಳು ನಿಂಗವ್ವ. ಹಟ್ಟಿಯಲ್ಲಿ ಒಂಟಿ ಎತ್ತು ನಿಂತಿದೆ ಎಂದರೆ ಆ ಮನೆಗೆ ಕೇಡು ಬಂದಿದೆ ಎಂದೇ ಅರ್ಥ. ಅಂಥದ್ದನ್ನು ಕೈಯಾರೆ ಬರೆಯಲು ಯಾವ ಮಗುವಿಗೆ ಮನಸ್ಸು ಬಂದೀತು? ಹತ್ತಿ ಹಿಂಜುವ, ಎತ್ತೇ ಇಲ್ಲದ ಪಿಂಜಾರರ ಮನೆಯ ಹುಡುಗ ಕೂಡ ಜೋಡಿಯನ್ನೇ ಬರೆದಿದ್ದ. ಬರೆಯುವಾಗ ಬಡತನ ಯಾಕೆಂದು ಅವಕ್ಕೆ ಕೊರಳ ತುಂಬ ಗೆಜ್ಜೆ ಬೇರೆ ಕಟ್ಟಿದ್ದ.

ನಾನಾದರೂ ಓದಿದವನು, ಅಷ್ಟಕ್ಕೇ ಬಿಡುವವನಲ್ಲ. ಎರಡಿದ್ದರೆ ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣಬೇಕು ಎಂದು ಪಾಠ ಮಾಡಿದೆ. "ದೂರ ನಿಂತೈತಂತ ಅದಕ್ಕ ಮೇವು ಕಡಿಮಿ ಹಾಕ್ತೀವೇನ್ರಿ?" ಎಂದು ಒಬ್ಬ ಕೇಳಿದ. ಆಮೇಲೊಮ್ಮೆ ಇಟಗಿಯ ಗುಡಿ ನೋಡಲು ಹೋದಾಗ ಬಾಗಿಲ ಎರಡೂ ಬದಿಗೆ ಒಂದೇ ಅಳತೆಯಲ್ಲಿ ಜೋಡಿಯಾಗಿದ್ದ ಕೆತ್ತನೆಯನ್ನು ಬಹಳ ಹೊತ್ತು ನೋಡುತ್ತ ನಿಂತೆ. ಅಷ್ಟು ನವಿರಾದ ಕೆಲಸ ಬಲ್ಲ ಶಿಲ್ಪಿಯೂ ಒಂದು ಬದಿ ಕಡೆದು, ಸಾಕು ಎಂದು ಉಳಿ ಕೆಳಗಿಟ್ಟಿರಲಿಲ್ಲ. ನನ್ನ ಮಕ್ಕಳು ಯಾರ ಕಡೆಯವರು ಎಂಬುದು ಅಂದು ನನಗೆ ತಿಳಿಯಿತು. ಎದೆ ಸ್ವಲ್ಪ ಉಬ್ಬಿತು.

ಆದರೆ ನಮ್ಮ ಹೆಡ್‌ಮಾಸ್ತರರ ಎದೆ ಉಬ್ಬುವುದು ಲೆಕ್ಕಕ್ಕೆ ಮಾತ್ರ. ಶುಕ್ರವಾರ ರಜೆ, ಗುರುವಾರದ ಕೊನೆಯ ತಾಸು ಚಿತ್ರದ್ದು. ವಾರಕ್ಕೆ ಅದೊಂದೇ, ಉಳಿದ ತಾಸುಗಳಲ್ಲಿ ನಾನು ಓದು ಬರಹ ಕಲಿಸುತ್ತಿದ್ದೆ. ಮಕ್ಕಳು ಊಟ ಬಿಟ್ಟಾದರೂ ಬರುತ್ತಿದ್ದ ಆ ತಾಸಿನ ಮೇಲೆ ಹೆಡ್‌ಮಾಸ್ತರರ ಕಣ್ಣು. "ಎತ್ತು ಬರದು ಯಾವ ಕಚೇರ್ಯಾಗ ನೌಕರಿ ಸಿಗತೈತ್ರಿ? ಆ ತಾಸು ಲೆಕ್ಕಕ್ಕ ಕೊಡ್ರಿ," ಎನ್ನುತ್ತಿದ್ದರು. ನಾನು ಒಪ್ಪಲಿಲ್ಲ. ಕೊನೆಗೆ ಶಾಲೆ ತಪಾಸಣೆಗೆ ಬರುವ ಮೊಹತಮೀಮ್ ಸಾಹೇಬರೇ ತೀರ್ಮಾನ ಮಾಡಲಿ ಎಂದಾಯಿತು. ಅವರು ಬೇಡವೆಂದರೆ ಚಿತ್ರದ ಪಾಠ ಅಂದಿಗೆ ಮುಗಿದಂತೆ. ಅವರು ಬರುವ ದಿನದವರೆಗೂ ನನಗೆ ಅನ್ನ ರುಚಿಸಲಿಲ್ಲ.

ಸಾಹೇಬರು ಬಂದರು. ಶೇರವಾನಿ ತೊಟ್ಟ ಎತ್ತರದ ಮನುಷ್ಯ, ಮಾತು ಅರ್ಧ ದಖನಿ, ಅರ್ಧ ಕನ್ನಡ. ಚಿತ್ರದ ತಾಸನ್ನೂ ನೋಡುತ್ತೇನೆಂದು ಕುರ್ಚಿಯಲ್ಲಿ ಕೂತು, ಇದ್ದ ವಿಷಯವನ್ನೆಲ್ಲ ಬಿಟ್ಟು, "ಎಲ್ಲಾರೂ ಒಂದು ಬೈಲ್ ಬರೀರಿ. ಒಂದು ಎತ್ತು," ಎಂದರು.

ಇವತ್ತೊಂದು ದಿನ ಒಂದೇ ಬರೆಯಿರಪ್ಪಾ ಎಂದು ಕಣ್ಣಲ್ಲೇ ಬೇಡಿಕೊಂಡೆ. ಯಾರೂ ನನ್ನ ಕಡೆ ನೋಡಲಿಲ್ಲ, ಬರೆಯುವುದರಲ್ಲಿ ಮುಳುಗಿದ್ದರು. ಪಾಟಿ ಎತ್ತಿ ತೋರಿಸಿದಾಗ ಕೋಣೆಯ ತುಂಬ ಜೋಡೆತ್ತು.

"ಏಕ್ ಬೋಲ್ಯಾ ತೋ ದೋ ಕೈಕು?" ಎಂದರು ಸಾಹೇಬರು, ಹುಬ್ಬು ಗಂಟಿಕ್ಕಿ. "ಒಂದು ಅಂದ್ರ ಎರಡು ಯಾಕ? ಒಬ್ಬರದು ನೋಡಿ ಒಬ್ಬರು ನಕಲ್ ಮಾಡ್ಯಾರೇನು?"

"ಲೆಕ್ಕ ಬರೂದಿಲ್ರಿ ಸಾಹೇಬ್ರ, ಅದಕ್ಕಽ ನಾ ಹೇಳಿದ್ದು," ಎಂದರು ಹೆಡ್‌ಮಾಸ್ತರರು, ಹಬ್ಬದ ಮುಖ ಮಾಡಿಕೊಂಡು.

ಸಾಹೇಬರು ಎದ್ದು ಪಾಟಿಗಳನ್ನು ಸಾಲಾಗಿ ನೋಡತೊಡಗಿದರು. ನೋಡುತ್ತ ನೋಡುತ್ತ ಅವರ ನಡೆ ನಿಧಾನವಾಯಿತು. ನಕಲು ಎಲ್ಲಿಂದ ಬರಬೇಕು? ಒಂದರ ಕೊಂಬು ಕಿವಿಯ ಮೇಲೆ ಬಾಗಿತ್ತು, ಇನ್ನೊಂದರ ಬಾಲದ ತುದಿ ಮೋಟು. "ಇದು ಯಾಕ ಸೊಟ್ಟ?" ಎಂದು ಕೇಳಿದರೆ, "ನಮ್ಮ ಕೆಂದ ಎತ್ತಿಂದು ಹಂಗಽ ಐತ್ರಿ," ಎಂದು ಹುಡುಗನೊಬ್ಬ ಠೀವಿಯಿಂದ ಹೇಳಿದ. ಆ ಹೊತ್ತಿನಲ್ಲಿ ನನಗೆ ಭಯ ಮರೆತೇಹೋಯಿತು. ತಾಸು ಉಳಿಯಲಿ, ಹೋಗಲಿ, ಇಂಥ ಮಕ್ಕಳಿಗೆ ಮಾಸ್ತರನಾದೆನಲ್ಲ ಎಂದು ಹಿಗ್ಗಿದೆ.

ಸಾಹೇಬರು ಒಂದು ಖಾಲಿ ಪಾಟಿ ತೆಗೆದುಕೊಂಡು ತಾವೇ ಒಂದು ಕುದುರೆ ಬರೆದರು. ನಾಲ್ಕೇ ಗೆರೆಯಲ್ಲಿ ಅದು ಕಿವಿ ನಿಮಿರಿಸಿ ನಿಂತಿತು. "ನೋಡ್ರಿ, ಒಂದಽ ಐತಿ. ಹ್ಯಾಂಗೈತಿ?"

ನಿಂಗವ್ವ ಎದ್ದು ಹೋಗಿ, "ಇಲ್ಲೆ ಕೊಡ್ರಿ," ಎಂದು ಪಾಟಿ ಇಸಿದುಕೊಂಡಳು. ನೆಲದ ಮೇಲೆ ಕೂತು, ಆ ಕುದುರೆಯ ಪಕ್ಕದಲ್ಲಿ ಇನ್ನೊಂದನ್ನು ಬರೆದಳು. ರೂಢಿಯ ಕೈ, ಅದರ ಹೆಗಲ ಮೇಲೊಂದು ಸಣ್ಣ ಡುಬ್ಬವೂ ಮೂಡಿತು. ಎರಡೂ ಕೈಯಿಂದ ಪಾಟಿ ಹಿಂದಕ್ಕೆ ಕೊಡುತ್ತ ಅಂದಳು: "ಒಂದಽ ಇದ್ರ ಅದಕ್ಕ ಬ್ಯಾಸರಾಕ್ಕೈತ್ರಿ ಸಾಹೇಬ್ರ."

ಸಾಹೇಬರು ಪಾಟಿಯನ್ನು ಎಲ್ಲರಿಗೂ ಕಾಣುವಂತೆ ಕುರ್ಚಿಯ ಮೇಲಿಟ್ಟರು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, "ಈ ಚಿತ್ರದ ತಾಸು ವಾರದಾಗ ಎಷ್ಟ್ರಿ?" ಎಂದರು.

"ಒಂದಽ ರೀ ಸಾಹೇಬ್ರ."

"ಒಂದಽ? ಅದಕ್ಕ ಬ್ಯಾಸರಾಕ್ಕೈತಲ್ರಿ," ಎಂದರು ಸಾಹೇಬರು. "ಜೋಡಿ ಮಾಡ್ರಿ."

ಎರಡನೆಯ ತಾಸನ್ನು ಹೆಡ್‌ಮಾಸ್ತರರು ತಮ್ಮ ಲೆಕ್ಕದ ಪಾಠದಿಂದಲೇ ಕಿತ್ತು ಕೊಡಬೇಕಾಯಿತು. ನನ್ನ ಮಕ್ಕಳಿಗೆ ಲೆಕ್ಕ ಬರುವುದಿಲ್ಲವೆಂದು ಅವರು ಆಮೇಲೆ ಎಂದೂ ಅನ್ನಲಿಲ್ಲ.